ನೀಲವ್ವನಿಗೆ ಬಂದ ನೂರು ಅಂಕ

ತಿಂಗಳ ಮೊದಲ ಸೋಮವಾರ ಪಕ್ಷದ ಕಚೇರಿಯಲ್ಲಿ ನಿಷ್ಠೆಯ ತಪಾಸಣೆ. ಪುರಸಭೆ ಸದಸ್ಯರು ಒಬ್ಬೊಬ್ಬರಾಗಿ ಯಂತ್ರದ ಮೇಲೆ ಅಂಗೈ ಇಟ್ಟು ಪಕ್ಷದ ತೀರ್ಮಾನವನ್ನು ಗಟ್ಟಿಯಾಗಿ ಓದಬೇಕು. ಮನಸ್ಸು ಒಪ್ಪದಿದ್ದರೆ ಯಂತ್ರಕ್ಕೆ ತಿಳಿಯುತ್ತದೆ. ಎಪ್ಪತ್ತಕ್ಕಿಂತ ಕಡಿಮೆ ಬಂದವರ ಸದಸ್ಯತ್ವ ಅಂದೇ ಹೋಗುತ್ತದೆ.

ಹನ್ನೊಂದು ವರ್ಷದಿಂದ ಸದಸ್ಯೆಯಾಗಿದ್ದ ನೀಲವ್ವನ ಸರದಿ ಬಂತು. ಓದಬೇಕಾದ ಸಾಲು ಅವಳ ವಾರ್ಡಿನದ್ದೇ: "ಹೆರಿಗೆ ಆಸ್ಪತ್ರೆ ಮುಚ್ಚುವುದು ಸರಿಯಾದ ಕ್ರಮ." ಆ ಆಸ್ಪತ್ರೆ ತರಲು ಅವಳು ನಾಲ್ಕು ವರ್ಷ ಓಡಾಡಿದ್ದಳು. ಇವತ್ತು ಫೇಲಾಗುವುದು ಖಂಡಿತ, ಮನೆಗೆ ಹೋಗಿ ಮಲಗಬಹುದು ಎಂದುಕೊಂಡೇ ಓದಿದಳು.

"ನೂರಕ್ಕ ನೂರು, ನೀಲಕ್ಕಾ!" ಎಂದ ಕಾರ್ಯದರ್ಶಿ ಫಕೀರಪ್ಪ. "ಜಿಲ್ಲಾದಾಗ ಯಾರಿಗೂ ಬಂದಿಲ್ಲ."

"ಯಂತ್ರ ಕೆಟ್ಟಿರಬೇಕು. ಇನ್ನೊಮ್ಮೆ ನೋಡು."

ಪಾಸಾದವರು ಯಾರೂ ಹಾಗೆ ಕೇಳಿದ್ದಿಲ್ಲ. ಫಕೀರಪ್ಪ ನಗುತ್ತ ಗುಂಡಿ ಒತ್ತಿದ. ಈ ಸಲ ಅವಳು ಅಲ್ಲಿ ಹುಟ್ಟಿದ ಕೂಸುಗಳನ್ನು ನೆನೆದು ಸಿಟ್ಟು ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಮತ್ತೆ ನೂರು.

"ಯಂತ್ರ ಚಲೋ ಐತಿ, ಅಕ್ಕಾ."

ಹಾಗಾದರೆ ತನ್ನ ಮನಸ್ಸೇ ಒಪ್ಪಿಬಿಟ್ಟಿದೆ ಎಂದು ನೀಲವ್ವನಿಗೆ ಹೆದರಿಕೆಯಾಯಿತು. ಒಂದು ಹಾಳೆ ಕೇಳಿ ಪಡೆದು ಅಲ್ಲೇ ರಾಜೀನಾಮೆ ಬರೆದಳು.

"ನೂರು ಬಂದೈತಿ, ಯಾಕ ಬಿಡ್ತೀರಿ?"

"ನೂರು ಬಂತಲ್ಲ, ಅದಕ್ಕ ತಮ್ಮಾ."

ಆಸ್ಪತ್ರೆಯ ಮುಂದೆ ವಾರ್ಡಿನ ಹೆಂಗಸರು ಧರಣಿ ಕೂತಿದ್ದರು. ನೀಲವ್ವ ಹೋಗಿ ಅವರ ನಡುವೆ ಕೂತಳು. ಅವರು ಘೋಷಣೆ ಕೂಗಿದಾಗ ತಾನೂ ಕೂಗಿದಳು. ಸಿಟ್ಟು ಇನ್ನೂ ಬಂದಿರಲಿಲ್ಲ. ಬರುವ ತನಕ ಇಲ್ಲಿಂದ ಏಳಬಾರದು ಎಂದುಕೊಂಡಳು.