ಮುಳುಗಿದ ಮನೆಯ ಸೊಪ್ಪು

ಕಡಲು ಗಂಗೊಳ್ಳಿಯ ಓಣಿಗಳನ್ನು ನುಂಗಿ ಇಪ್ಪತ್ತು ವರ್ಷವಾಗಿತ್ತು. ಮುಳುಗಿದ ಮನೆಗಳ ಮಾಡಿನ ಮೇಲೆ ಆಳೆತ್ತರದ ಕಡಲಸೊಪ್ಪು ಬೆಳೆದಿತ್ತು. ಊರವರ ರೊಟ್ಟಿಗೆ ಹಿಟ್ಟು, ಬಾಣಂತಿಯರಿಗೆ ಸಾರು ಎಲ್ಲವೂ ಅದರಿಂದಲೇ. ಮಗಳು ಹೆತ್ತ ಮೂರನೇ ದಿನ ಗುಲಾಬಿ ಎಂದಿನಂತೆ ದೋಣಿಯಲ್ಲಿ ತನ್ನ ಹಳೆಯ ಮನೆಯ ಮೇಲಕ್ಕೆ ಬಂದರೆ, ಸುತ್ತಲೂ ಕೆಂಪು ಹಗ್ಗ ಕಟ್ಟಿತ್ತು. ಕಾವಲು ದೋಣಿಯ ಅಧಿಕಾರಿ ಕೈ ಅಡ್ಡ ಹಿಡಿದ.

"ಇನ್ನು ಈ ಸೊಪ್ಪು ಸರ್ಕಾರದಿಂದ ಗುತ್ತಿಗೆ ಹಿಡಿದ ಕಂಪನಿಯದ್ದು, ಅಮ್ಮ. ಕೊಯ್ಯುವ ಹಾಗಿಲ್ಲ."

"ಇದ್ ನನ್ ಮನಿ ಮಾಡಿನ್ ಮೇಲ್ ಬೆಳ್ದದ್ದ್!"

"ಇಲ್ಲಿ ಮನೆಯೇ ಇರಲಿಲ್ಲ. ದಾಖಲೆಯಲ್ಲಿ ಬರೀ ಸಮುದ್ರ."

ಗುಲಾಬಿಯ ಮೈಯೆಲ್ಲ ಉರಿಯಿತು. ಪರಿಹಾರ ಕೇಳಲು ಕಚೇರಿಗೆ ಅಲೆದಾಗಲೂ ಇದೇ ಮಾತು ಹೇಳಿ ಅಟ್ಟಿದ್ದರು.

"ಮನಿ ಮುಳ್ಗುವತಿಗೆ ಒಬ್ರೂ ಬರ್ಲಿಲ್ಲ. ಸೊಪ್ಪ್ ಬೆಳ್ದ್ ಕೂಡ್ಲೆ ಬಂದ್ರಿಯಾ?" ಎಂದವಳೇ ಸೆರಗು ಬಿಗಿದು ನೀರಿಗೆ ಧುಮುಕಿದಳು. ಉಸಿರು ಕಟ್ಟಿ ಆಳಕ್ಕಿಳಿದು, ಮಾಡಿನಿಂದ ಒಂದು ಹಂಚು ಕಿತ್ತು ತಂದು ಅವನ ದೋಣಿಯೊಳಗೆ ಎಸೆದಳು. ಹಂಚು ಅವನ ಕಾಲ ಬುಡದಲ್ಲೇ ಎರಡು ಹೋಳಾಯಿತು.

"ನಿಮ್ ದಾಖ್ಲೆಲಿ ಬರ್ಕಣಿ, ಇಲ್ಲ್ ಮನಿ ಇತ್ತ್ ಅಂತ!"

ಅವನು ಬಗ್ಗಿ ಹಂಚಿನ ಹೋಳುಗಳನ್ನು ಎತ್ತಿಕೊಂಡ. ಗುಲಾಬಿ ಕತ್ತಿಯಿಂದ ಹಗ್ಗ ಕಡಿದು, ಅವನೆದುರೇ ದೋಣಿ ತುಂಬ ಸೊಪ್ಪು ಕೊಯ್ದಳು. ಮಧ್ಯಾಹ್ನ ಮಗಳಿಗೆ ಸಾರು ಬಡಿಸುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ.