ಬೀಗರಿಗೊಂದು ಬಾಟಲಿ

"ವರ್ಷಕ್ಕೆ ಎಷ್ಟು ಸಲ ಕುಡೀತೀರಿ?" ಎಂದು ಕೇಳಿದಳು ಅಂಗಡಿಯಾಕೆ, ಡಾಕ್ಟರು ಕೇಳುವ ಧಾಟಿಯಲ್ಲಿ.

"ಎರಡು ಸಲ. ಯಾರದಾದ್ರೂ ಮದುವೆಯಾದ್ರೆ ಒಂದ್ಸಲ, ಯಾರಾದ್ರೂ ಸತ್ರೆ ಒಂದ್ಸಲ," ಎಂದ ಬಡಗಿ. "ಆದ್ರೆ ಇದು ನನಗಲ್ಲಮ್ಮ. ಭಾನುವಾರ ಮಧ್ಯಾಹ್ನ ಬೀಗರು ಊಟಕ್ಕೆ ಬರ್ತಿದ್ದಾರೆ. ವಕೀಲರು. ಅವರ ಮನೇಲಿ ವಿಸ್ಕಿ ಬಾಟಲಿಗಳನ್ನ ಗಾಜಿನ ಬೀರುವಿನಲ್ಲಿ ಪುಸ್ತಕದ ಹಾಗೆ ಜೋಡಿಸಿಟ್ಟಿದ್ದಾರೆ. ಅಂಥೋರು ಮೆಚ್ಚೋದು ಒಂದು ಕೊಡಿ."

ಅವನ ಸಂಕಟ ಸಣ್ಣದೇನಲ್ಲ. ಮಗಳ ಸಂಬಂಧ ಕುದುರಿದ ದಿನ ಆ ವಕೀಲರು ನಗುನಗುತ್ತಲೇ, "ಬಡಗಿ ಕೆಲಸಾನಾ? ಈಗ ಎಲ್ಲಾ ಮಿಷನ್ನೇ ಮಾಡುತ್ತಲ್ಲ, ಅದಿನ್ನೂ ನಡೀತಿದ್ಯಾ?" ಎಂದಿದ್ದರು. ಮಾತಿನಲ್ಲಿ ವಿಷವಿರಲಿಲ್ಲ, ನಿಜ. ಆದರೆ ಪಕ್ಕದಲ್ಲಿ ಕೂತಿದ್ದ ಮಗಳು ತಲೆ ತಗ್ಗಿಸಿಬಿಟ್ಟಳು. ಮೂವತ್ತು ವರ್ಷ ಉಳಿ ಹಿಡಿದ ಅವನ ಕೈಗಳು ತಾವಾಗಿಯೇ ಜೇಬು ಸೇರಿದವು. ಹೋಗಿ ಸೇರುವ ಮನೆಯಲ್ಲಿ ಅವಳು ಹಾಗೆ ತಲೆ ತಗ್ಗಿಸಿಕೊಂಡೇ ಬಾಳುವಂತಾಗಬಾರದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಬೀಗರು ಈ ಸಲ ಮನಸ್ಸಿನಲ್ಲೂ ಅಂದುಕೊಳ್ಳಬಾರದು. ಹೆಂಡತಿಗೆ ಇದರ ಗೊಡವೆಯೇ ಇಲ್ಲ. "ಬಾಯಿ ಅಗಲ ಇರೋ ಬಾಟಲಿ ನೋಡಿ ತನ್ನಿ, ಖಾಲಿಯಾದ್ಮೇಲೆ ಎಣ್ಣೆ ಹಾಕಿಡ್ತೀನಿ" ಎಂದಷ್ಟೇ ಹೇಳಿ ಕಳಿಸಿದ್ದಳು.

ಅಂಗಡಿಯಾಕೆ ಮೂರು ಪುಟ್ಟ ಗ್ಲಾಸುಗಳಿಗೆ ಮೂರು ಬಾಟಲಿಗಳಿಂದ ಒಂದೊಂದು ಗುಟುಕು ಸುರಿದು, ಎರಡೆರಡು ಹನಿ ನೀರು ಬಿಟ್ಟಳು. "ಹೆಸರು, ಬೆಲೆ ಎಲ್ಲ ಮರೆತುಬಿಡಿ. ಅಪರೂಪಕ್ಕೆ ಕುಡಿಯೋರಿಗೆ ನಾಲಿಗೆ ಮೇಲೆ ಬರೀ ಉರಿ ಗೊತ್ತಾಗುತ್ತೆ. ಮೂಗು ಹಾಗಲ್ಲ. ಮೂಸಿ ನೋಡಿ."

ಮೊದಲನೆಯದು ಹೊಗೆ ತುಂಬಿದ ಆಸ್ಪತ್ರೆಯಂತಿತ್ತು. ಎರಡನೆಯದರಲ್ಲಿ ಕಳಿತ ಹಣ್ಣಿನ ವಾಸನೆ. ಮೂರನೆಯದನ್ನು ಮೂಸಿದವನು ಗ್ಲಾಸನ್ನು ಕೆಳಗಿಡಲೇ ಇಲ್ಲ. ಅದು ಅವನ ಕೆಲಸದ ಕೋಣೆಯ ವಾಸನೆ! ಚೆನ್ನಾಗಿ ಒಣಗಿದ ಹಲಗೆಗೆ ಮೊದಲ ಸಲ ಗರಗಸ ತಾಗಿದಾಗ ಏಳುವ ಘಮ. ಮರ ಕೊಳ್ಳುವಾಗ ಒಂದು ಚೂರು ಸೀಳಿ, ಮೂಸಿ ನೋಡಿಯೇ ಒಣಗಿದೆಯೋ ಇಲ್ಲವೋ ಎಂದು ಹೇಳುವ ಮನುಷ್ಯ ಅವನು. ಆ ಮೂಗು ತಪ್ಪುವುದುಂಟೇ?

"ಇದರೊಳಗೆ ಮರ ಇದೆಯಲ್ಲಮ್ಮ!"

"ಇರದೆ ಏನು? ಪೀಪಾಯಿಗೆ ಹಾಕುವಾಗ ಇದಕ್ಕೆ ನೀರಿನ ಹಾಗೆ ಬಣ್ಣವೇ ಇರಲ್ಲ. ಈ ಬಣ್ಣ, ಈ ಘಮ ಎಲ್ಲ ಪೀಪಾಯಿಯ ಓಕ್ ಮರ ಕೊಟ್ಟಿದ್ದು. ಹನ್ನೆರಡು ವರ್ಷ ಅದರೊಳಗೇ ಇತ್ತು. ಅಂಥದ್ದೇ ಒಂದು ಅಲ್ಲಿದೆ ನೋಡಿ."

ಮೂಲೆಯಲ್ಲಿ, ಹಳೆಯ ಪತ್ರಿಕೆಗಳ ಹೊರೆ ಹೊತ್ತು ಒಂದು ಖಾಲಿ ಪೀಪಾಯಿ ನಿಂತಿತ್ತು. ಬಡಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸಂದಿಗಳ ಮೇಲೆ ಬೆರಳಾಡಿಸಿದ. ಮೊಳೆಯಿಲ್ಲ, ಅಂಟಿಲ್ಲ. ಬಾಗಿದ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು, ಕಬ್ಬಿಣದ ಬಳೆಗಳ ಬಿಗಿಯಲ್ಲಿ ನಿಂತಿದ್ದವು, ಅಷ್ಟೇ. ಇಷ್ಟನ್ನೇ ನಂಬಿ ಹನ್ನೆರಡು ವರ್ಷ! "ಈಗಲೂ ಹಲಗೆಗಳನ್ನ ಕೈಯಲ್ಲೇ ಕೂಡಿಸ್ತಾರೆ," ಎಂದಳು ಅಂಗಡಿಯಾಕೆ. ಬಡಗಿ ಇನ್ನೊಮ್ಮೆ ಸಂದಿ ಸವರಿದ. ಮಾಡಿದವನು ಯಾವ ಊರಿನವನೋ, ಬದುಕಿದ್ದಾನೋ ಇಲ್ಲವೋ, ಆದರೆ ಆ ಕೈ ಎಂಥದೆಂದು ಈ ಬೆರಳುಗಳಿಗೆ ತಿಳಿದುಹೋಯಿತು. ಎದ್ದು ನಿಂತಾಗ ಅವನ ಕಣ್ಣು ಒದ್ದೆಯಾಗಿತ್ತು. ಮರದ ಹೊಟ್ಟು ಬಿತ್ತು ಎನ್ನೋಣವೆಂದರೆ ಅಲ್ಲಿ ಹೊಟ್ಟೂ ಇರಲಿಲ್ಲ.

ಭಾನುವಾರ ವಕೀಲರು ಆ ಮೂರನೆಯ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಓಹೋ, ಇದಾ? ಪರವಾಗಿಲ್ಲ ಬೀಗರೇ, ಸಾಧಾರಣದ್ದು. ನನ್ನನ್ನ ಒಂದು ಮಾತು ಕೇಳಿದ್ರೆ ಒಳ್ಳೇದು ಹೇಳ್ತಿದ್ದೆ."

ಬಡಿಸುತ್ತಿದ್ದ ಮಗಳ ಕೈ ಅರ್ಧಕ್ಕೇ ನಿಂತಿತು. ಆದರೂ ಬಡಗಿ ಗ್ಲಾಸಿಗೆ ಸುರಿದು, ಎರಡು ಹನಿ ನೀರು ಬಿಟ್ಟು ಮುಂದೆ ಸರಿಸಿದ. "ಕುಡೀಬೇಡಿ ಬೀಗರೇ. ಮೊದಲು ಮೂಸಿ. ಅದು ಮರ. ಪೀಪಾಯಿ ಹಲಗೆ ನಡುವೆ ಅಗಲ, ತುದೀಲಿ ಕಿರಿದು. ಕಾಯಿಸಿ ಬಗ್ಗಿಸ್ಬೇಕು, ಅಂಚನ್ನ ಓರೆಯಾಗಿ ಕೆತ್ತಬೇಕು. ಅಂಟು ಹಾಕೋ ಹಾಗಿಲ್ಲ, ಮೊಳೆ ಹೊಡೆಯೋ ಹಾಗಿಲ್ಲ. ಕೂದಲೆಳೆಯಷ್ಟು ತಪ್ಪಿದ್ರೂ ಹನ್ನೆರಡು ವರ್ಷದ್ದೆಲ್ಲ ನೆಲದ ಪಾಲು. ನನಗೆ ವಿಸ್ಕಿ ಗೊತ್ತಿಲ್ಲ. ಆ ಪೀಪಾಯಿ ಮಾಡಿದ ಮನುಷ್ಯನ ಕೆಲಸ ಗೊತ್ತು. ಅದಕ್ಕೇ ಇದನ್ನ ತಂದೆ."

ವಕೀಲರು ಗ್ಲಾಸಿಗೆ ಮೂಗು ಒಡ್ಡಿ ಕಣ್ಣು ಮುಚ್ಚಿದರು. ಇಪ್ಪತ್ತು ವರ್ಷದಿಂದ ಬಾಟಲಿ ಕೂಡಿಟ್ಟ, ಕೋರ್ಟಿನಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡದ ಮನುಷ್ಯ, ವಾದ ಮರೆತು ಮತ್ತೆ ಮತ್ತೆ ಮೂಸಿದರು. "ಹೌದಲ್ರೀ," ಎಂದರು ಕೊನೆಗೆ, ಮೆಲ್ಲಗೆ. "ಇಷ್ಟು ವರ್ಷ ನಾನು ಬರೀ ಲೇಬಲ್ ಕುಡೀತಿದ್ದೆ."

ಗ್ಲಾಸು ಕೆಳಗಿಡುವಾಗ ಅವರ ಅಂಗೈ ಊಟದ ಮೇಜನ್ನು ಸವರಿ, ಅಲ್ಲೇ ನಿಂತಿತು. ಮತ್ತೆ ಅಂಚಿನುದ್ದಕ್ಕೂ ಸವರಿತು.

"ಇದನ್ನ ಯಾರು ಮಾಡಿದ್ದು?"

"ನಮ್ಮಪ್ಪ," ಎಂದಳು ಮಗಳು, ಅವರ ಮುಖವನ್ನೇ ನೋಡುತ್ತ.

ವಕೀಲರು ಕುರ್ಚಿ ಹಿಂದೆ ತಳ್ಳಿ, ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿಯನ್ನು ನೆಲಕ್ಕೂರಿ ಮೇಜಿನಡಿಗೆ ತೂರಿಕೊಂಡರು. ಸ್ವಲ್ಪ ಹೊತ್ತು ಅವರ ಅಂಗಾಲುಗಳಷ್ಟೇ ಕಾಣುತ್ತಿದ್ದವು. ಆಮೇಲೆ ಒಳಗಿನಿಂದ ದನಿ ಬಂತು: "ಅಯ್ಯೋ ಬೀಗರೇ, ಇಲ್ಲೂ ಒಂದು ಮೊಳೆ ಇಲ್ವಲ್ರೀ! ಅಮ್ಮಾ ಮಗಳೇ, ಒಂದು ಟಾರ್ಚ್ ತಂದುಕೊಡು."