ಅಜ್ಜಿಗೆ ಕೇಳುವಂತೆ

ಚೆಂಡು ಎಡಗಡೆಯಿಂದ ಬರುತ್ತಿರುವುದು ಗೋಲ್‌ಕೀಪರ್ ಗುಮ್ಮಿಗೆ ಚೆನ್ನಾಗಿಯೇ ಕಂಡಿತ್ತು. ಕಂಡರೂ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಬಿಡದ ಗುಮ್ಮನಗುಸುಕಿಯೆಂದು ಗೆಳತಿಯರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮುಂದಿದ್ದ ರಕ್ಷಕಿಯರಿಬ್ಬರೂ ಬಲಗಡೆಯನ್ನೇ ನೋಡುತ್ತ ನಿಂತರು. ಚೆಂಡು ಅವರ ಬೆನ್ನ ಹಿಂದಿನಿಂದ ಹಾಯಾಗಿ ಗೋಲು ಸೇರಿತು.

"ಕೈಕಾಲು ಬಂಗಾರ, ಬಾಯಿಗೆ ಮಾತ್ರ ಬೀಗ," ಎಂದರು ದೇಶದ ಬಾಲಕಿಯರ ಹಾಕಿ ತಂಡಕ್ಕೆ ಆಟಗಾರ್ತಿಯರನ್ನು ಆರಿಸಲು ಬಂದಿದ್ದ ಆಯ್ಕೆಗಾರರು. "ಹಿಂದಿರೋಳು ಕೂಗಿ ಹೇಳದಿದ್ರೆ ಮುಂದಿರೋರಿಗೆ ಗೊತ್ತಾಗೋದು ಹೇಗೆ? ನಾಳೆ ಕೊನೇ ಪಂದ್ಯ. ಕೂಗಿದ್ರೆ ತಂಡದಲ್ಲಿರ್ತಾಳೆ, ಇಲ್ಲದಿದ್ರೆ ಮನೇಲಿ."

ಹುಡುಗಿಯರಿಗೆ ಆಟ ಕಲಿಸುವ ಕೋಚಮ್ಮನ ಕೈಗೆ ಇಂಥ ಗೋಲ್‌ಕೀಪರ್ ಹಿಂದೆಂದೂ ಸಿಕ್ಕಿರಲಿಲ್ಲ. ಗದರಿಸಿ ನೋಡಿದ್ದಳು, ಗೋಗರೆದಿದ್ದಳು, ಐಸ್‌ಕ್ರೀಮಿನ ಆಸೆಯನ್ನೂ ತೋರಿಸಿದ್ದಳು. ಹುಡುಗಿ ಐಸ್‌ಕ್ರೀಮನ್ನೂ ಸದ್ದಿಲ್ಲದೆ ತಿಂದು ಮುಗಿಸಿದ್ದಳು.

ಸಂಜೆ ಗುಮ್ಮಿಯ ಮನೆಯವರಿಗೆ ವಿಷಯ ತಿಳಿಸೋಣವೆಂದು ಹೊರಟ ಕೋಚಮ್ಮ ಬೀದಿಯ ತಿರುವಿನಲ್ಲೇ ಬೆಚ್ಚಿ ನಿಂತಳು.

"ಅಜ್ಜೀ! ಹಾಲು ಉಕ್ತಾ ಇದೆ!"

ಕಿಟಕಿಯ ಗಾಜು ಅದುರುವಂಥ ದನಿ. ಯಾರದೆಂದು ಮನೆಯೊಳಗೆ ಹೋಗಿ ನೋಡಿದರೆ, ಗುಮ್ಮಿಯದೇ! ಪತ್ರಿಕೆ ಹಿಡಿದು ಕೂತಿದ್ದ ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು, "ನಮ್ಮಮ್ಮನಿಗೆ ಕಿವಿ ಕೇಳಲ್ಲ, ಏನು ಮಾಡೋದು? ಇಲ್ಲಾಂದ್ರೆ ನಮ್ಮನೇಲಿ ಹೆಣ್ಣುಮಕ್ಕಳು ದನಿ ಎತ್ತಿದ್ದೇ ಇಲ್ಲ," ಎಂದರು. ಒಲೆಯ ಮುಂದೆ ನಿಂತಿದ್ದ ಅಜ್ಜಿಯನ್ನು ಕೋಚಮ್ಮ ನಿಧಿ ಕಂಡವಳಂತೆ ನೋಡಿದಳು.

ಮರುದಿನ ಮೈದಾನದ ನಡುಗೆರೆಯ ಪಕ್ಕದಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಅಜ್ಜಿ. "ಪಾಪ, ಅವರಿಗೆ ಆಟ ತಿಳಿಯಲ್ಲ," ಎಂದಳು ಕೋಚಮ್ಮ ಗುಮ್ಮಿಗೆ. "ಏನೇನಾಗ್ತಿದೆ ಅಂತ ನೀನೇ ಗೋಲಿನ ಹತ್ರದಿಂದ ಹೇಳ್ತಾ ಇರು."

"ಅಜ್ಜೀ! ಎಡಗಡೆಯಿಂದ ಬರ್ತಿದ್ದಾಳೆ!" ರಕ್ಷಕಿಯರು ಬೆಚ್ಚಿಬಿದ್ದು ಎಡಕ್ಕೆ ಹಾರಿದರು. "ಅಜ್ಜೀ! ಆ ಉದ್ದ ಜಡೆಯವಳನ್ನ ಯಾರೂ ತಡೀತಿಲ್ಲ!" ಇಬ್ಬರು ಓಡಿಹೋಗಿ ಉದ್ದ ಜಡೆಯವಳನ್ನು ಮುತ್ತಿದರು. ಪಂದ್ಯ ಮುಗಿಯುವವರೆಗೆ ಗುಮ್ಮಿಯ ಗೋಲಿನೊಳಗೆ ಗಾಳಿ ಬಿಟ್ಟರೆ ಬೇರೇನೂ ಹೋಗಲಿಲ್ಲ. ಆಯ್ಕೆಗಾರರು ಕಿವಿ ಉಜ್ಜಿಕೊಳ್ಳುತ್ತ, "ಅವಳು ತಂಡಕ್ಕೆ ಬರ್ಲಿ," ಎಂದು ಹೇಳಿ ಹೊರಟರು.

ಕೋಚಮ್ಮನಿಗೆ ಕುಣಿಯುವಷ್ಟು ಖುಷಿ. "ಇನ್ನು ಈ ಕಿವುಡಜ್ಜೀನೂ ವಿಮಾನ ಹತ್ತಿಸ್ಬೇಕು," ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು.

"ಕಿಟಕಿ ಪಕ್ಕದ ಸೀಟಾದ್ರೆ ಬರ್ತೀನಿ," ಎಂದಳು ಅಜ್ಜಿ.

ಕೋಚಮ್ಮ ತೆರೆದ ಬಾಯಿ ಮುಚ್ಚಲು ಮರೆತಳು. "ನಿಮಗೆ ಕೇಳ್ಸುತ್ತಾ?"

"ಮೆತ್ತಗೆ ಮಾತಾಡಮ್ಮ! ದನಿ ಎತ್ಬೇಡ, ಎತ್ಬೇಡ ಅಂತ ನನ್ನ ಮಗ ಗದರಿಸಿ ಗದರಿಸಿ ಮಗೂಗೆ ಬಾಯೇ ಕಟ್ಟಿಹೋಗಿತ್ತು. ಕಿವುಡಿ ಹತ್ರ ಕೂಗಿದ್ರೆ ಅವನೂ ಏನೂ ಅನ್ನೋ ಹಾಗಿಲ್ಲ, ನೋಡು. ಅದಕ್ಕೇ ನಾನು ಕಿವುಡಿ ಆದೆ."

ಅಷ್ಟರಲ್ಲಿ ಸುದ್ದಿ ಗೋಲಿನ ಕಡೆಗೆ ಮುಟ್ಟಿತ್ತು. ಗುಮ್ಮಿ ಹೆಲ್ಮೆಟ್ ಕಿತ್ತೆಸೆದು, ಮೈದಾನವೆಲ್ಲ ತಿರುಗಿ ನೋಡುವಂತೆ ಕೂಗಿದಳು. "ಅಜ್ಜೀ! ನಾನು ಆಯ್ಕೆ ಆದೆ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಿವಿಗೆ ಕೈ ಅಡ್ಡ ಹಿಡಿದಳು.

"ಆಂ? ಏನಂದೆ? ಇನ್ನೂ ಜೋರಾಗಿ ಹೇಳೇ!"